ಗೇಟಿನ ತಾರೀಖು

ಗುರುವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ಅತ್ತಿಗೆಗೆ ನಿಮ್ಮ ನಾದಿನಿಯ ನಮಸ್ಕಾರ.

ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದ್ದರೆ ಬೈಯಬೇಡಿ. ಬೈಯಲು ಬೇರೆ ಕಾರಣ ಮುಂದಿದೆ.

ನಮ್ಮ ಬಣ್ಣದ ಕಾರ್ಖಾನೆಯನ್ನು ಕೊಂಡ ಕಂಪನಿಗೆ ತನ್ನದೇ ಡಬ್ಬಿ ಕಾರ್ಖಾನೆಯೂ ಇದೆ, ಇನ್ನೂರು ಮೈಲಿ ದೂರದಲ್ಲಿ. ನಿಮ್ಮ ಡಬ್ಬಿ ಶೆಡ್ಡು ಆರೇ ಮೈಲಿ, ಆದರೆ ಪ್ರಾಂತ್ಯದ ಗಡಿಯಾಚೆ. ನಿಮ್ಮ ಡಬ್ಬಿಯೇ ಗಟ್ಟಿ ಎಂದು ವಾದಿಸಿದೆ. ಮನೇಲೇ ಬಾವಿ ಇರುವಾಗ ಪಕ್ಕದ ಮನೆಗೆ ಬಿಂದಿಗೆ ಯಾಕಮ್ಮ ಒಯ್ತೀಯ ಎಂದರು ಹೊಸ ಮ್ಯಾನೇಜರು. ಮುಂದಿನ ತಿಂಗಳಿಂದ ನಿಮಗೆ ನಮ್ಮ ಆರ್ಡರು ಇಲ್ಲ.

ಇನ್ನು ನಿಮಗೆ ದಿಕ್ಕು ಈಚೆಯ ಎಣ್ಣೆಯವರು, ಸಾಬೂನಿನವರು. ಲಾರಿ ತಡೆಯುವ ಗಡಿಯ ಚೆಕ್‌ಪೋಸ್ಟ್ ಎತ್ತಿದರೆ ಕೊಳ್ಳಲು ಅವರು ತಯಾರು. ಆದರೆ ಅದನ್ನು ಎತ್ತಬೇಕೆಂಬ ನಿಮ್ಮ ಮನವಿ ಬಿದ್ದುಹೋಯಿತಲ್ಲ, ನನ್ನಿಂದ ಬಿದ್ದದ್ದು ಅದು.

ಮೂರು ಸಲ ಸರಕು ತಡವಾದರೆ ಹಳೆಯ ಯಜಮಾನರು ಸರಕು ಕೊಡುವವರ ಹೆಸರನ್ನೇ ಹೊಡೆದುಹಾಕುತ್ತಿದ್ದರು. ಲಾರಿ ಗಡಿಯಲ್ಲಿ ಎರಡೆರಡು ದಿನ ಕೊಳೆತು ಬಂದರೂ, ಅದು ನಿಮ್ಮ ಗೇಟು ಬಿಟ್ಟ ತಾರೀಖನ್ನೇ ಇಲ್ಲಿಗೆ ಬಂದ ತಾರೀಖೆಂದು ರಿಜಿಸ್ಟರಿನಲ್ಲಿ ಬರೆಯುತ್ತ ಬಂದೆ. ನಿಮ್ಮನ್ನು ಕಾಪಾಡಿದೆನೆಂದು ಒಳಗೊಳಗೇ ಹಿಗ್ಗಿದ್ದೆ. ಈಗ ಗಡಿ ಕಚೇರಿಯವರು ಅದೇ ರಿಜಿಸ್ಟರು ತರಿಸಿ ನೋಡಿ, ನಾಲ್ಕು ವರ್ಷದಲ್ಲಿ ಒಂದು ದಿನವೂ ತಡವಾಗಿಲ್ಲ, ನಿಮಗೇನ್ರೀ ತೊಂದರೆ ಎಂದರಂತೆ. ಅಣ್ಣ ಇದನ್ನು ಫೋನಿನಲ್ಲಿ ಹೇಳುವಾಗ, ಬರೆದ ಗುಮಾಸ್ತನ ಕೈ ಸೇದಿಹೋಗ ಎಂದು ನೀವು ಹಿಂದಿನಿಂದ ಶಪಿಸಿದ್ದು ಕೇಳಿಸಿತು. ಗುಮಾಸ್ತನಲ್ಲ ಅತ್ತಿಗೆ, ನಾನು.

ನಿಜವಾದ ತಾರೀಖುಗಳು ಲಾರಿಯವರ ಚೀಟಿಗಳಲ್ಲಿದ್ದವು. ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ, ಸುಳ್ಳು ಬರೆದವಳು ನಾನೇ ಎಂದು ಸಹಿ ಮಾಡಿ ಇದರೊಳಗೆ ಇಟ್ಟಿದ್ದೇನೆ. ಸೋಮವಾರ ಗಡಿ ಕಚೇರಿಯಲ್ಲಿ ನಿಮ್ಮ ಮನವಿಯ ಮರುವಿಚಾರಣೆಗೆ ಒಯ್ಯಿರಿ. ನನ್ನ ಕೆಲಸದ ಚಿಂತೆ ನಿಮಗೆ ಬೇಡ. ನಿಮ್ಮ ಶೆಡ್ಡಿನ ಏಳು ಹೆಂಗಸರ ಒಲೆ ಉರಿಯಲಿ. ಅಣ್ಣನಿಗೆ ನೀವೇ ಮೆಲ್ಲಗೆ ಹೇಳಿ, ಅವನ ಕೋಪ ನಿಮಗೆ ಗೊತ್ತಲ್ಲ.

ಇಂತಿ,
ನೀವು ಬಾಯಿಬಡುಕಿ ಎಂದು ಕರೆಯುವ ನಾದಿನಿ

ಮತ್ತೆ: ಹಾಳೆ ಲಕೋಟೆಯಲ್ಲಿಲ್ಲ, ಹುಡುಕಬೇಡಿ. ಅಂಟಿಸುವ ಮುಂಚೆ ತೆಗೆದುಕೊಂಡೆ. ಊಟದ ಬಿಡುವು ಮುಗಿದೊಡನೆ ಕರೆದು ನನ್ನನ್ನು ಖರೀದಿ ವಿಭಾಗದ ಮುಖ್ಯಸ್ಥೆಯನ್ನಾಗಿ ಮಾಡಿದರು, ನಾಲ್ಕು ವರ್ಷ ಒಂದು ದಿನವೂ ಸರಕು ತಡವಾಗದಂತೆ ನೋಡಿಕೊಂಡದ್ದಕ್ಕೆ. ನಾನಾಗಿಯೇ ತಂದುಕೊಡುತ್ತೇನೆಂಬ ನಂಬಿಕೆ ನನಗೇ ಇಲ್ಲ. ಭಾನುವಾರ ಬನ್ನಿ, ಎದುರಿಗೆ ನಿಂತು ಕೇಳಿ. ನಿಮ್ಮ ಮುಖ ನೋಡಿಕೊಂಡು ಇಲ್ಲ ಎನ್ನಲಾರೆ.