ಪಕ್ಕದ ಬಾಗಿಲು

ಮಾನ್ಯ ಲೆಡ್‌ಬೆಟರ್ ಅವರೇ,

ನಮ್ಮೂರ ಹಳೇ ಚಿತ್ರಮಂದಿರಕ್ಕೆ ಪಾರಂಪರಿಕ ಕಟ್ಟಡವೆಂಬ ಮನ್ನಣೆ ಸಿಕ್ಕಿತಲ್ಲ, ಆ ಸಮಾರಂಭಕ್ಕೆ ನಮ್ಮವ್ವನನ್ನು ಕರೆತಂದಿದ್ದೆ. ನಿಮ್ಮ ಸಮಿತಿ ಎಲ್ಲವನ್ನೂ ಮೊದಲಿದ್ದಂತೆಯೇ ಮಾಡಿಸಿದೆ. ಪಕ್ಕದ ಬಾಗಿಲ ಮೇಲಿನ , ನಮ್ಮನ್ನು ಮುಂಬಾಗಿಲಿಂದ ಬಿಡದ ಕಾಲದ ‘ಕರಿಯರಿಗೆ’ ಎಂಬ ಅಕ್ಷರಗಳಿಗೂ ಹೊಸ ಬಣ್ಣ ಬಳಿಸಿದೆ. ಅದನ್ನು ಕಂಡದ್ದೇ ಅವ್ವ ನನ್ನ ಕೈ ಬಿಡಿಸಿಕೊಂಡು ನೇರ ಅತ್ತಲೇ ನಡೆದಳು.

“ಅವ್ವಾ, ಎಲ್ಲಿಗೆ?”

“ಸುಮ್ನೆ ಬಾರೇ ಒಡೆಸ್ಸಾ, ನಮ್ಮ ಮೆಟ್ಟಿಲು ಇದೇ. ಯಾರಾದ್ರೂ ನೋಡಿದ್ರೆ ಬೈತಾರೆ.”

ಆ ಅಕ್ಷರಗಳ ವಿಚಾರ ಆಮೇಲೆ ಮಾತಾಡೋಣ. ಶನಿವಾರ ಅವ್ವ ಸಿನಿಮಾಕ್ಕೆ ಬರುತ್ತಾಳೆ. ದಯವಿಟ್ಟು ನೀವೇ ಮುಂಬಾಗಿಲಲ್ಲಿ ನಿಂತು, ಇಲ್ಲಿಂದಲೇ ಒಳಗೆ ಬನ್ನಿ ಎನ್ನಿ. ಆ ಕಾಲ ಹೋಯಿತೆಂದು ನಾನೆಷ್ಟು ಹೇಳಿದರೂ ಅವಳು ನಂಬುತ್ತಿಲ್ಲ. ಬಿಳಿಯರ ಬಾಯಿಂದಲೇ ಕೇಳಬೇಕಂತೆ.

ಇಂತಿ,
ಒಡೆಸ್ಸಾ ಪ್ರುಯಿಟ್