ನೆಲಕ್ಕೆ ತಿಕ್ಕಿದ ಹೊಸ ಚೆಂಡು

ಕುಮಟಾ, ಡಿಸೆಂಬರ್ ೧೯೬೭

ಜಟ್ಟಿ,

ನೀನು ಊರು ಬಿಟ್ಟು ಒಂಬತ್ತು ವರ್ಷ ಆತು. ವಿಳಾಸ ಯಾರಲ್ಲೂ ಇಲ್ಲ, ಆದರೂ ಇದನ್ನು ನಿನಗೇ ಹೇಳಬೇಕು.

ಇವತ್ತು ಹೊನ್ನಾವರದವರ ಜೊತೆ ನಮ್ಮೂರಿನ ಮ್ಯಾಚಿಗೆ ನಾನು ಅಂಪೈರ್. ನಮ್ಮ ಕ್ಯಾಪ್ಟನ್ ಗಜಾನನ ಹೊಚ್ಚ ಹೊಸ ಚೆಂಡನ್ನು ತಗೊಂಡು ಕೆಂಪು ನೆಲಕ್ಕೆ ಗಸಗಸ ತಿಕ್ಕಿದ. ಹೊಳಪು ಹೋದರೆ ಸ್ಪಿನ್ನರಿಗೆ ಹಿಡಿತ ಸಿಗುತ್ತದಂತೆ. ಹೊಳನಗದ್ದೆಯ ದುರ್ಗ, ಎಂಥಾ ವೇಗದ ಬೌಲರ್, ಅಲ್ಲೇ ಓಟದ ಗುರುತು ಹಾಕಿಕೊಂಡು ನಿಂತಿದ್ದ.

ನನಗೆ ಮೈಯೆಲ್ಲ ಉರಿದುಹೋಯಿತು. "ಎಂತ ಮಾಡ್ತಾ ಇದ್ದೆ ಮಾರಾಯ? ಅವನ ಕೈಗೆ ಕೊಡು," ಅಂದೆ.

"ಟೆಸ್ಟಿನಲ್ಲೇ ನಮ್ಮವರು ನಂಬೋದು ಸ್ಪಿನ್ನರನ್ನ, ಮಾಸ್ತರೇ."

ನಂಬಿ ಎಂತ ಆತು? ಈ ಮಳೆಗಾಲದಲ್ಲಿ ಇಂಗ್ಲೆಂಡಿನ ಟೆಸ್ಟಿಗೆ ನಾಲ್ವರು ಸ್ಪಿನ್ನರುಗಳನ್ನು ಇಳಿಸಿ, ಹೊಸ ಚೆಂಡನ್ನು ವಿಕೆಟ್ ಕೀಪಿಂಗ್ ಮಾಡುವವನ ಕೈಗೆ ಕೊಟ್ಟರು, ಸೋತರು. ಇಷ್ಟು ದೊಡ್ಡ ದೇಶದಲ್ಲಿ ಜೋರಾಗಿ ಬೌಲಿಂಗ್ ಮಾಡುವವನು ಒಬ್ಬನೂ ಹುಟ್ಟಲಿಲ್ಲವೇ? ಹುಟ್ಟಿದವರಿಗೆ ಚೆಂಡು ಕೊಟ್ಟವರು ಯಾರು?

ಇದನ್ನೆಲ್ಲ ಎಲ್ಲರೆದುರೇ ಕೂಗಿ ಹೇಳಿದೆ. ಗಜಾನನ ತಣ್ಣಗೆ ಕೇಳಿದ, "ಹೀಗೆ ತಿಕ್ಕೋದನ್ನ ಶಾಲೆಯಲ್ಲಿ ನಮಗೆ ಕಲಿಸಿದ್ದು ನೀವೇ ಅಲ್ಲವಾ?"

ದುರ್ಗನಿಗೆ ಇವತ್ತು ಒಂದು ಓವರೂ ಸಿಗಲಿಲ್ಲ.

ನೀನು ಊರು ಬಿಟ್ಟ ವರ್ಷ ಭಟ್ಕಳದ ಮ್ಯಾಚಿನಲ್ಲಿ ನಾನೇ ಕ್ಯಾಪ್ಟನ್, ನಾನೇ ಸ್ಪಿನ್ನರ್. ವೇಗದ ಬೌಲರ್ ನೀನು, ತೆಂಗಿನಗುಂಡಿಯಿಂದ ನಡೆದು ಬಂದು, ಹೊಸ ಚೆಂಡಿಗೆ ಕೈ ಚಾಚಿ ನಿಂತಿದ್ದೆ. ನಾನು ನಿನ್ನೆದುರೇ ಕುಕ್ಕರಗಾಲಲ್ಲಿ ಕೂತು ಅದನ್ನು ನೆಲಕ್ಕೆ ತಿಕ್ಕಿದೆ.

ನೀನು ಜಗಳ ಮಾಡಲಿಲ್ಲ. ಚಾಚಿದ ಕೈಯನ್ನು ಚಡ್ಡಿಗೆ ಒರಸಿಕೊಂಡು, ಬೌಂಡರಿಯ ಕಡೆ ಫೀಲ್ಡಿಂಗಿಗೆ ನಡೆದೆ.