ನುಂಗದ ಬೀಗದ ಕೈಗೆ ಸಮಜಾಯಿಷಿ

ದೊಡ್ಡಾಸ್ಪತ್ರೆಯ ಅಧೀಕ್ಷಕರೇ,

ಕೊಳಾಯಿ ಪೈಪು ತಿರುಗಿಸಿ ಐವತ್ತು ವರ್ಷ ಸವೆದ ಕೈಗೆ ಪೆನ್ನು ಹಿಡಿಸಿದ್ದೀರಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ‘ಆಸ್ಪತ್ರೆಗೆ ಸುಳ್ಳು ಮಾಹಿತಿ ನೀಡಿದ್ದಕ್ಕೆ ಲಿಖಿತ ಸಮಜಾಯಿಷಿ ಕೊಡತಕ್ಕದ್ದು’ ಎಂದು ನೋಟೀಸು ಕಳಿಸಿದ್ದೀರಿ. ತಗೊಳ್ಳಿ. ನಿಮಗೊಬ್ಬರಿಗೇ ಬರೆದರೆ ಫೈಲಿನಡಿ ಸೇರುತ್ತದೆಂದು ಪತ್ರಿಕೆಗೂ ಕೊಟ್ಟಿದ್ದೇನೆ.

ಹೌದು, ಸುಳ್ಳು ಹೇಳಿದೆ. ನನ್ನ ಮೊಮ್ಮಗಳು, ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಇಪ್ಪತ್ತೆರಡರ ಹುಡುಗಿ, ಒಂದು ಸೋಮವಾರ ಗಿರಾಕಿಗಳ ಮೇಲೆ ಕಿರುಚತೊಡಗಿದಳು. ಗುರುವಾರದ ಹೊತ್ತಿಗೆ ಅವಳಿಗೆ ನನ್ನ ಗುರುತೇ ಸಿಗಲಿಲ್ಲ. ನೀವು ಮಾನಸಿಕ ವಿಭಾಗಕ್ಕೆ ಸೇರಿಸಿ, ಕೈ ಕಟ್ಟಿ ಮಲಗಿಸಿದಿರಿ. ಮೂವತ್ತೊಂದು ದಿನ. ಬಾಯಿ ತಾನಾಗಿ ಜಗಿಯುತ್ತಿತ್ತು, ಫಿಟ್ಸ್ ಬಂತು, ಆಮೇಲೆ ಮಾತೇ ನಿಂತಿತು. ನೀವು ಮಾತ್ರೆ ಹೆಚ್ಚಿಸುತ್ತಲೇ ಹೋದಿರಿ.

ನನಗೆ ವೈದ್ಯವಿದ್ಯೆ ಗೊತ್ತಿಲ್ಲ, ಸೋರಿಕೆ ಗೊತ್ತು. ಗೋಡೆ ತೇವವಾದಲ್ಲೇ ಒಡೆಯುವವನು ನಿನ್ನೆ ಕೆಲಸಕ್ಕೆ ಸೇರಿದವನು; ಪೈಪು ಒಡೆಯುವುದು ಒಂದು ಕಡೆ, ನೀರು ಕಾಣುವುದು ಇನ್ನೊಂದು ಕಡೆ. ಇವಳ ಮೈಯೆಲ್ಲ ಒಮ್ಮೆ ನೋಡಿ ಎಂದು ಬೇಡಿದೆ. ನಿಮ್ಮ ಡಾಕ್ಟರು ಕಾಗದದಿಂದ ತಲೆಯೆತ್ತದೆ, “ಯಜಮಾನ್ರೇ, ತಲೆ ಕೆಟ್ಟಿದ್ದಕ್ಕೆ ಹೊಟ್ಟೆ ಯಾಕೆ ನೋಡ್ಬೇಕು? ಹೊಟ್ಟೆನೋವು ಅಂತ ಅವಳೇ ಹೇಳ್ಲಿ, ಚೀಟಿ ಬರ್ಕೊಡ್ತೀನಿ” ಅಂದರು. ಮಾತು ನಿಂತವಳು ಬಾಯಿಬಿಟ್ಟು ಹೇಳಬೇಕು. ಎಂಥಾ ನ್ಯಾಯ ಸ್ವಾಮಿ?

ಮರುದಿನ ಡ್ಯೂಟಿ ಬದಲಾದಾಗ ಹೊಸ ನರ್ಸಮ್ಮನಿಗೆ, “ಹುಡುಗಿ ಬೀಗದ ಕೈ ನುಂಗ್ಬಿಟ್ಟಿದ್ದಾಳಮ್ಮ” ಅಂದೆ. ಕಟ್ಟಿ ಹಾಕಿದವಳು ಹೇಗೆ ನುಂಗಿದಳೆಂದು ಒಬ್ಬರೂ ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಎಕ್ಸ್‌ರೇ ಆಯಿತು. ಬೀಗದ ಕೈ ಇರಲಿಲ್ಲ. ಕಿಬ್ಬೊಟ್ಟೆಯಲ್ಲೊಂದು ಹಲ್ಲಿತ್ತು.

ಹಲ್ಲು, ಸ್ವಾಮಿ. ಅಂಡಾಶಯದ ಕೆಲವು ಗೆಡ್ಡೆಗಳಲ್ಲಿ ಹಲ್ಲು, ಕೂದಲು ಬೆಳೆಯುವುದುಂಟಂತೆ. ಆ ಗೆಡ್ಡೆಯ ಮೇಲೆ ಏರಿಹೋದ, ರೋಗ ತಡೆಯುವ ಮೈಯ ಕಾವಲು ದಾರಿ ತಪ್ಪಿ ಮಿದುಳನ್ನೇ ಕಡಿಯುತ್ತಿತ್ತಂತೆ. ಬೆನ್ನಿನ ನೀರು ತೆಗೆದು ಖಾತ್ರಿ ಮಾಡಿಕೊಂಡರು. ಗೆಡ್ಡೆ ತೆಗೆದು ಔಷಧಿ ಕೊಟ್ಟ ಐದನೇ ವಾರ ಅವಳು ನನ್ನನ್ನು ದಿಟ್ಟಿಸಿ, “ತಾತ, ಗಡ್ಡ ಯಾಕೆ ಬಿಟ್ಟೆ?” ಅಂದಳು. ಗಾಜು ಹಿಡಿದರೆ ಅವಳ ಕೈ ಇನ್ನೂ ನಡುಗುತ್ತದೆ.

ಅಪರೂಪದ ಕಾಯಿಲೆ, ಯಾರಿಗೆ ಹೊಳೆಯಬೇಕು ಅನ್ನುತ್ತೀರಿ. ಒಪ್ಪಿದೆ. ಹೊಳೆಯದ್ದು ತಪ್ಪಲ್ಲ, ನೋಡಿ ಎಂದು ಕಾಲು ಹಿಡಿದರೂ ನೋಡದ್ದಕ್ಕೆ ಏನನ್ನುತ್ತೀರಿ? ಅಪರೂಪವೆಂಬುದು ನಿಮ್ಮ ಪುಸ್ತಕದ ಮಾತು. ನಮ್ಮನೆಯಲ್ಲಿ ಇರುವುದು ಒಬ್ಬಳೇ ಮೊಮ್ಮಗಳು.

ಈಗ ಅದೇ ಹಾಸಿಗೆಯಲ್ಲಿ ಶಾಲೆಯ ಟೀಚರೊಬ್ಬಳು ಹದಿನೆಂಟು ದಿನದಿಂದ ಬಾಯಿ ಜಗಿಯುತ್ತ ಬಿದ್ದಿದ್ದಾಳೆ. ಅವಳ ಗಂಡ ನನ್ನನ್ನು ಹುಡುಕಿಕೊಂಡು ಬಂದು, “ತಾತ, ನಾನೂ ಬೀಗದ ಕೈ ಅನ್ಲಾ?” ಎಂದು ಕೇಳಿದ. ನಿಮ್ಮ ಆಸ್ಪತ್ರೆಯಲ್ಲಿ ರೋಗ ಹುಡುಕಿಸುವ ದಾರಿ ಇದೊಂದೇನಾ? ಅವಳಿಗೂ ಗೆಡ್ಡೆಯೇ ಇದೆ ಎಂದು ನಾನು ಹೇಳುತ್ತಿಲ್ಲ. ನೋಡಿ ಎನ್ನುತ್ತಿದ್ದೇನೆ. ಅವನನ್ನು ಕೇಳಿಯೇ ಇದನ್ನು ಬರೆದಿದ್ದೇನೆ.

ಕ್ಷಮೆ ಕೇಳುವುದಿಲ್ಲ. ಆ ಟೀಚರಮ್ಮನ ಬೆನ್ನಿನ ನೀರು, ಹೊಟ್ಟೆ ಎರಡನ್ನೂ ಪರೀಕ್ಷೆ ಮಾಡಿದಿರೋ ಇಲ್ಲವೋ, ಬರುವ ಹನ್ನೆರಡನೇ ತಾರೀಖಿನೊಳಗೆ ಬರೆದು ಕೊಡಿ.

ಇಂತಿ,
ಎಪ್ಪತ್ತೊಂದಕ್ಕೆ ಸುಳ್ಳು ಕಲಿತ,
ಕೊಳಾಯಿ ರಿಪೇರಿಯವನು